ಟೊಮಾಟಿಯೊ ಅಂದರೆ ಹಸಿ ಟೊಮೆಟೊ ಕಾಯಿ ಅಲ್ಲ

ಪ್ರಶ್ನೆ: ನಾವು ಅಮೆರಿಕದಲ್ಲಿ, ಡಲ್ಲಾಸ್ ಹತ್ತಿರ ಇದ್ದೇವೆ. ಇಲ್ಲಿನ ಮೆಕ್ಸಿಕನ್ ಅಂಗಡಿಯಲ್ಲಿ ಒಣಗಿದ ಸಿಪ್ಪೆಯ ಬುಡ್ಡೆಯೊಳಗೆ ಹಸಿರು ಕಾಯಿ ಸಿಗುತ್ತದೆ. ಹಸಿ ಟೊಮೆಟೊ ಅಂದುಕೊಂಡು ಹುಣಸೆಹುಳಿ, ಬೆಲ್ಲ ಹಾಕಿ ಗೊಜ್ಜು ಮಾಡಿದೆ. ವಿಪರೀತ ಹುಳಿ, ಜೊತೆಗೆ ಸ್ವಲ್ಪ ಕಹಿ. ಮಾರನೇ ದಿನ ಫ್ರಿಜ್ಜಿನಲ್ಲಿ ಜೆಲ್ಲಿ ತರಹ ಗಟ್ಟಿಯಾಗಿತ್ತು. ಹೋದ ವರ್ಷ ಒಂದು ಸಸಿ ತಂದು ಹಿತ್ತಲಲ್ಲಿ ನೆಟ್ಟಿದ್ದೆ. ಬೇಸಿಗೆ ಪೂರ್ತಿ ಹೂ ಬಿಟ್ಟಿತು, ಒಂದೇ ಒಂದು ಕಾಯಿ ಕಚ್ಚಲಿಲ್ಲ. ಇದು ಯಾವ ಗಿಡ? ಮೆಕ್ಸಿಕೊದವರು ಇದನ್ನು ಹೇಗೆ ಬಳಸುತ್ತಾರೆ? ಹಾಸನದಲ್ಲಿರುವ ನಮ್ಮಮ್ಮನಿಗೆ ಬೀಜ ಕಳಿಸಬಹುದಾ? ಜೂನ್ ಕೊನೆಗೆ ಅವರೇ ಇಲ್ಲಿಗೆ ಬರುತ್ತಿದ್ದಾರೆ.

ಉತ್ತರ: ನಿಮ್ಮ ಗೊಜ್ಜು ಗಟ್ಟಿಯಾಗಿದ್ದಕ್ಕೂ ಗಿಡ ಕಾಯಿ ಬಿಡದೇ ಇದ್ದಿದ್ದಕ್ಕೂ ಮೂಲ ಒಂದೇ. ಇದನ್ನು ಟೊಮೆಟೊ ಅಂದುಕೊಂಡು ಟೊಮೆಟೊ ತರಹ ನೋಡಿಕೊಂಡಿರಿ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಹೆಸರೇ ದಾರಿ ತಪ್ಪಿಸುವಂತಿದೆ. ಹಾಗಾಗಿ ಹೆಸರಿನಿಂದಲೇ ಶುರು ಮಾಡುತ್ತೇನೆ.

ಅಂಗಡಿಯ ಬೋರ್ಡಿನಲ್ಲಿ ಇರುವ ಹೆಸರನ್ನು ಟೊಮಾಟಿಲ್ಲೊ ಅಂತ ಓದಬೇಡಿ, ಟೊಮಾಟಿಯೊ ಅನ್ನಿ. ಸ್ಪ್ಯಾನಿಷ್‌ನಲ್ಲಿ ಎರಡು ಎಲ್ ಅಕ್ಷರ ಜೊತೆಗೆ ಬಂದರೆ ಸಾಮಾನ್ಯವಾಗಿ 'ಯ' ಅಂತಲೇ ಉಚ್ಚಾರ. 'ಚಿಕ್ಕ ಟೊಮೆಟೊ' ಅಂತ ಅರ್ಥ. ಆದರೆ ಮೆಕ್ಸಿಕೊ ಸಿಟಿಯ ಸಂತೆಗೆ ಹೋಗಿ ನೋಡಿ. ನಾನು ಮೊದಲ ಸಲ ಹೋದಾಗ ತರಕಾರಿ ಮಾರುವ ಅಮ್ಮನ ಹತ್ತಿರ ಅರ್ಧ ಕಿಲೋ 'ತೊಮಾತೆ' ಕೊಡಿ ಅಂದೆ. ಆಕೆ ಒಂದು ಮಾತೂ ಕೇಳದೆ ಹಸಿರು ಕಾಯಿ ತೂಗಿದರು. ನಾನು ಪಕ್ಕದ ಕೆಂಪು ಹಣ್ಣಿನ ಕಡೆ ಕೈ ತೋರಿಸಿದೆ. "ಅದು ಹಿತೊಮಾತೆ" ಅಂದರು. ಮಧ್ಯ ಮೆಕ್ಸಿಕೊದಲ್ಲಿ ಇವತ್ತಿಗೂ ಸುಮ್ನೆ ತೊಮಾತೆ ಅಂದರೆ ಈ ಹಸಿರು ಹಣ್ಣು. ನಾವು ಟೊಮೆಟೊ ಅನ್ನುವ ಕೆಂಪು ಹಣ್ಣಿಗೆ ಅಲ್ಲಿ ಬೇರೆ ಹೆಸರು.

ಅಜ್ಟೆಕ್ ಜನರ ನಾವಾತ್ಲ್ ಭಾಷೆಯಲ್ಲಿ ರಸ ತುಂಬಿದ ದುಂಡನೆಯ ಹಣ್ಣಿಗೆ 'ತೊಮಾತ್ಲ್' ಎನ್ನುತ್ತಿದ್ದರು. ಕೆಂಪು ಹಣ್ಣು ಶಿತೊಮಾತ್ಲ್. ಹೊಲದಲ್ಲಿ ಬೆಳೆಯುವ ಈ ಬುಡ್ಡೆ ಹಣ್ಣು ಮಿಲ್ತೊಮಾತ್ಲ್. 'ಮಿಲ್' ಅಂದರೆ ಹೊಲ. 1521ರಲ್ಲಿ ಅಜ್ಟೆಕ್ ರಾಜಧಾನಿಯನ್ನು ಗೆದ್ದ ಸ್ಪ್ಯಾನಿಷರು ಹೆಸರಿನ ಮೊದಲ ತುಂಡನ್ನು ಬಿಟ್ಟು ತೊಮಾತೆ ಅನ್ನುವಷ್ಟನ್ನೇ ತಮ್ಮ ಊರಿಗೆ ಒಯ್ದರು. ಯುರೋಪಿನಲ್ಲಿ ಆ ಹೆಸರು ಕೆಂಪು ಹಣ್ಣಿಗೆ ಅಂಟಿಕೊಂಡಿತು. ಅಲ್ಲಿಂದ ಇಡೀ ಲೋಕ ಸುತ್ತಿ ನಮ್ಮ ಟೊಮೆಟೊ ಆಯಿತು. ಹಸಿರು ಹಣ್ಣು ಮಾತ್ರ ತನ್ನ ಊರಲ್ಲೇ, ತನ್ನ ಹಳೇ ಹೆಸರಿನಲ್ಲೇ ಉಳಿಯಿತು. ಪಕ್ಕದ ಗ್ವಾಟೆಮಾಲಾದಲ್ಲಿ ಈಗಲೂ ಇದಕ್ಕೆ ಮಿಲ್ತೊಮಾತೆ ಅನ್ನುತ್ತಾರೆ.

ಈಗ ಗಿಡದ ವಿಷಯ. ಸಸ್ಯಶಾಸ್ತ್ರದಲ್ಲಿ ಇದು ಫೈಸಾಲಿಸ್ ಫಿಲಡೆಲ್ಫಿಕಾ. ಫೈಸಾಲಿಸ್ ಇಕ್ಸೊಕಾರ್ಪಾ ಅಂತಲೂ ಬರೆದಿರುವುದು ಕಾಣುತ್ತದೆ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಎಲ್ಲ ಇರುವ ದೊಡ್ಡ ಕುಟುಂಬವೇ ಇದರದ್ದೂ. ಆದರೆ ಟೊಮೆಟೊಗೆ ಇದು ದೂರದ ನೆಂಟ. ಹತ್ತಿರದವರು ಯಾರು ಗೊತ್ತಾ? ನಮ್ಮ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಬುಡ್ಡೆ ಹಣ್ಣಿನ ಗಿಡ. ಚಿಕ್ಕವರಿದ್ದಾಗ ಆ ಬುಡ್ಡೆಯನ್ನು ಹಣೆಗೆ ಕುಟ್ಟಿ 'ಟಪ್' ಅನ್ನಿಸಿದ್ದು ನಿಮ್ಮಮ್ಮನಿಗೆ ನೆನಪಿರಬಹುದು. ಸ್ವಲ್ಪ ಆಚೆಯ ನೆಂಟ ಅಶ್ವಗಂಧ. ಅದರ ಕೆಂಪು ಹಣ್ಣೂ ಇದೇ ಥರ ತೆಳು ಬುಡ್ಡೆಯೊಳಗೆ ಕೂತಿರುತ್ತದೆ.

ಈ ಬುಡ್ಡೆ ಏನು ಅಂತ ತಿಳಿಯಲು ಒಂದು ಬದನೆಕಾಯಿ ಕೈಗೆತ್ತಿಕೊಳ್ಳಿ. ತೊಟ್ಟಿನ ಹತ್ತಿರ ಹಸಿರು ಟೋಪಿ ಇದೆಯಲ್ಲ, ಅದು ಹೂವಿನ ಬುಡದಲ್ಲಿ ಇದ್ದ ಪುಟ್ಟ ಹಸಿರು ಬಟ್ಟಲು. ಬದನೆಯಲ್ಲಿ ಅದು ಟೋಪಿಯಾಗಿಯೇ ನಿಲ್ಲುತ್ತದೆ. ಟೊಮಾಟಿಯೊದಲ್ಲಿ ಹೂ ಉದುರಿದ ಮೇಲೆ ಆ ಬಟ್ಟಲು ಬಲೂನಿನಂತೆ ಬೆಳೆದು ಕಾಯಿಯನ್ನು ಪೂರ್ತಿ ಮುಚ್ಚಿಕೊಳ್ಳುತ್ತದೆ. ಮೊದಲು ಬುಡ್ಡೆ ದೊಡ್ಡದು, ಒಳಗಿನ ಕಾಯಿ ಬಟಾಣಿಯಷ್ಟು. ಆಮೇಲೆ ಕಾಯಿ ದಪ್ಪಗಾಗುತ್ತಾ ಬುಡ್ಡೆಯನ್ನು ತುಂಬುತ್ತದೆ. ಈ ವಿನ್ಯಾಸ ಎಷ್ಟು ಹಳೆಯದು ಅಂದರೆ, ಅರ್ಜೆಂಟೀನಾದ ಪಟಗೋನಿಯಾದಲ್ಲಿ 5.2 ಕೋಟಿ ವರ್ಷ ಹಿಂದಿನ ಬುಡ್ಡೆ ಹಣ್ಣಿನ ಪಳೆಯುಳಿಕೆಗಳು ಸಿಕ್ಕಿವೆ. 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದರ ವರದಿ ಬಂತು. ಬುಡ್ಡೆಯ ನರಗಳು ಕಲ್ಲಿನ ಮೇಲೆ ಸ್ಪಷ್ಟವಾಗಿ ಕಾಣುತ್ತವೆ. ಒಳಗಿನ ಹಣ್ಣು ಇದ್ದಿಲಾಗಿ ಉಳಿದಿದೆ. ಆ ಚಿತ್ರವನ್ನು ಎಷ್ಟು ಸಲ ನೋಡಿದರೂ ನನಗೆ ಮೈ ಜುಂ ಅನ್ನುತ್ತದೆ.

ಇನ್ನು ನಿಮ್ಮ ಗೊಜ್ಜು. ಟೊಮೆಟೊ ಕಾಯಿ ಅಂದರೆ ಇನ್ನೂ ಹಣ್ಣಾಗದ ಹಣ್ಣು. ಟೊಮಾಟಿಯೊ ಹಾಗಲ್ಲ. ಅದು ಬಲಿತು ತಯಾರಾದಾಗಲೂ ಹಸಿರೇ. ಆ ಹಸಿರು ಹಂತದಲ್ಲೇ ಅದರ ಹುಳಿ, ಘಮ ಎರಡೂ ಹದವಾಗಿರುತ್ತವೆ. ಇನ್ನೂ ಬಿಟ್ಟರೆ ಹಳದಿಯಾಗಿ ಸಿಹಿಯಾಗುತ್ತದೆ, ಹುಳಿ ಹೋಗಿ ಸಪ್ಪೆ ಅನ್ನಿಸುತ್ತದೆ. ಮೆಕ್ಸಿಕೊದ ಅಡುಗೆಯಲ್ಲಿ ಹುಳಿ ಕೊಡುವುದೇ ಇದರ ಕೆಲಸ. ನಮ್ಮಲ್ಲಿ ಹುಣಸೆ ಮಾಡುವ ಕೆಲಸವನ್ನು ಎಷ್ಟೋ ಸಾರುಗಳಲ್ಲಿ ಅಲ್ಲಿ ಈ ಹಣ್ಣು ಮಾಡುತ್ತದೆ. ನೀವು ಅದರ ಮೇಲೆ ಹುಣಸೆಯನ್ನೂ ಹಾಕಿದಿರಿ. ಹುಳಿ ವಿಪರೀತ ಆಗದೆ ಇನ್ನೇನಾಗುತ್ತದೆ?

ಜೆಲ್ಲಿಯಾಗಿದ್ದು ಇನ್ನೂ ಸ್ವಾರಸ್ಯದ ವಿಷಯ. ಜಾಮ್ ಗಟ್ಟಿಯಾಗಲು ಮೂರು ವಸ್ತು ಬೇಕು: ಪೆಕ್ಟಿನ್ ಎಂಬ ಹಣ್ಣಿನ ಅಂಟು, ಹುಳಿ, ಸಕ್ಕರೆ. ಟೊಮಾಟಿಯೊದಲ್ಲಿ ಪೆಕ್ಟಿನ್ ಜಾಸ್ತಿ. ಹುಳಿ ಇದ್ದೇ ಇತ್ತು. ಸಕ್ಕರೆಯ ಜಾಗಕ್ಕೆ ನಿಮ್ಮ ಬೆಲ್ಲ ಬಂತು. ಫ್ರಿಜ್ಜಿನ ತಣ್ಣಗೆ ಸೇರಿ ಗೊಜ್ಜು ಜಾಮ್ ಆಗಿಬಿಟ್ಟಿತು. ಕೆಟ್ಟಿಲ್ಲ ಅದು. ಸ್ವಲ್ಪ ನೀರು ಬೆರೆಸಿ ಬಿಸಿ ಮಾಡಿದರೆ ಮತ್ತೆ ಸಡಿಲವಾಗುತ್ತದೆ. ಇದರಿಂದ ಮಾಡುವ ಸಾಲ್ಸಾ ಎಂಬ ಮೆಕ್ಸಿಕನ್ ಚಟ್ನಿ ಬೆಲ್ಲ ಹಾಕದಿದ್ದರೂ ಫ್ರಿಜ್ಜಿನಲ್ಲಿ ಸ್ವಲ್ಪ ಗಟ್ಟಿಯಾಗುವುದುಂಟು. ಮೆಕ್ಸಿಕೊದ ಮನೆಗಳಲ್ಲೂ ಹೀಗೇ ನೀರು ಹಾಕಿ ತಿಳಿ ಮಾಡಿಕೊಳ್ಳುತ್ತಾರೆ.

ಕಹಿಗೆ ಕಾರಣ ಬಹುಶಃ ತೊಳೆದದ್ದು ಸಾಲದೇ ಇದ್ದದ್ದು. ಬುಡ್ಡೆ ಬಿಡಿಸಿದ ಹಣ್ಣನ್ನು ಮುಟ್ಟಿ ನೋಡಿ. ಹಲಸಿನ ಮೇಣದಷ್ಟಲ್ಲದಿದ್ದರೂ ಬೆರಳಿಗೆ ಜಿಗುಟು ಹತ್ತುತ್ತದೆ. ಆ ಜಿಗುಟಿನಲ್ಲಿ ವಿಥನೊಲೈಡ್ ಎಂಬ ವಸ್ತುಗಳಿವೆ. ಹುಳುಗಳನ್ನು ದೂರ ಇಡಲು ಗಿಡ ಮಾಡಿಕೊಂಡ ಏರ್ಪಾಡು. ಅಶ್ವಗಂಧದಲ್ಲಿ ಮೊದಲು ಗುರುತಿಸಿದ ವಸ್ತು ಅದು, ಹೆಸರೂ ಆ ಗಿಡದ ಶಾಸ್ತ್ರೀಯ ಹೆಸರಾದ ವಿಥಾನಿಯಾದಿಂದಲೇ ಬಂದಿದೆ. ನೆಂಟಸ್ತಿಕೆ ಅಂದೆನಲ್ಲ, ಇದು ಅದರ ಗುರುತು. ಉಗುರುಬೆಚ್ಚಗಿನ ನೀರಿನಲ್ಲಿ ಹಣ್ಣನ್ನು ಒಂದೊಂದಾಗಿ ಉಜ್ಜಿ ತೊಳೆಯಿರಿ. ಕೈಗೆ ಜಿಗುಟು ಹತ್ತದಷ್ಟಾದರೆ ಸಾಕು. ಬುಡ್ಡೆ, ಎಲೆ, ಕಾಂಡ ಯಾವುದನ್ನೂ ತಿನ್ನಬೇಡಿ, ವಿಷದ ಅಂಶ ಇರುತ್ತದೆ. ಮೆಕ್ಸಿಕೊದಲ್ಲಿ ಬುಡ್ಡೆ ಕುದಿಸಿದ ನೀರನ್ನು ತಮಾಲ್ (ಹಬೆಯಲ್ಲಿ ಬೇಯಿಸುವ ಮುಸುಕಿನ ಜೋಳದ ಕಡುಬು) ಮತ್ತು ಬುನ್ಯುಯೆಲೊ (ಎಣ್ಣೆಯಲ್ಲಿ ಕರಿದ ಸಿಹಿ ತಿಂಡಿ) ಹಿಟ್ಟು ಹಗುರಾಗಲಿ ಅಂತ ಸೇರಿಸುವ ಹಳೇ ಪದ್ಧತಿ ಇದೆ. ಅದು ಪ್ರಮಾಣ ಗೊತ್ತಿರುವವರ ಕೈಗೆಲಸ. ಓದಿಕೊಂಡು ಮಾಡಲು ಹೋಗಬೇಡಿ.

ಈಗ ಅವರು ಹೇಗೆ ಬಳಸುತ್ತಾರೆ ಅನ್ನುವುದಕ್ಕೆ ಬರೋಣ. ಎಲ್ಲಕ್ಕೂ ತಾಯಿ ಹಸಿರು ಸಾಲ್ಸಾ, ಅಲ್ಲಿನ ಮಾತಿನಲ್ಲಿ ಸಾಲ್ಸಾ ವೆರ್ದೆ. ಇದು ಮೂರು ರೀತಿ. ಹಸಿಯಾಗಿ ರುಬ್ಬಿದ್ದು, ಬೇಯಿಸಿದ್ದು, ಸುಟ್ಟಿದ್ದು. ಹಸಿಯದ್ದು ತುಂಬಾ ಚುರುಕು ಹುಳಿ, ಬಣ್ಣವೂ ಎಳೆ ಹಸಿರು. ಬೇಯಿಸಿದ್ದು ಮೃದು. ಸುಟ್ಟಿದ್ದಕ್ಕೆ ಹೊಗೆಯ ಘಮ, ಸ್ವಲ್ಪ ಸಿಹಿ. ನನ್ನನ್ನು ಕೇಳಿದರೆ ಸುಟ್ಟಿದ್ದೇ ಮೇಲು.

ಸುಟ್ಟಿದ್ದನ್ನು ಹೇಗೆ ಮಾಡುತ್ತಾರೆ ಅಂತ ಹೇಳುತ್ತೇನೆ, ನಿಮ್ಮ ಮನೆಯ ದೋಸೆ ಕಾವಲಿಯಲ್ಲೇ ಆಗುತ್ತದೆ. ಅವರ ಕೊಮಾಲ್ ಅಂದರೆ ಕಾವಲಿಯೇ, ಹಿಂದೆ ಮಣ್ಣಿನದು, ಈಗ ಹೆಚ್ಚಾಗಿ ಕಬ್ಬಿಣದ್ದು. ಅರ್ಧ ಕಿಲೋ ಟೊಮಾಟಿಯೊ, ಎರಡೋ ಮೂರೋ ಸೆರಾನೊ ಮೆಣಸಿನಕಾಯಿ, ಬಿಳಿ ಈರುಳ್ಳಿಯ ಒಂದು ದಪ್ಪ ಬಿಲ್ಲೆ, ಸಿಪ್ಪೆ ಸಮೇತ ಎರಡು ಎಸಳು ಬೆಳ್ಳುಳ್ಳಿ. ಎಣ್ಣೆ ಬೇಡ. ಕಾವಲಿ ಚೆನ್ನಾಗಿ ಕಾದ ಮೇಲೆ ಇಡಿ. ಮೊದಲು ಹಣ್ಣಿನ ತಳ ಕಪ್ಪಾಗುತ್ತದೆ. ತಿರುಗಿಸಿ. ಆಗ ಮೇಲಿನ ಕಡುಹಸಿರು ಮಾಸಿ ಆಲಿವ್ ಬಣ್ಣಕ್ಕೆ ಇಳಿಯುತ್ತದೆ, ತೊಟ್ಟಿನ ಹತ್ತಿರ ರಸ ಕುದಿದು ಗುಳ್ಳೆ ಏಳುತ್ತದೆ. ಹಣ್ಣು ಒಡೆಯುವ ಮೊದಲೇ ಬಟ್ಟಲಿಗೆ ತೆಗೆದುಬಿಡಿ. ಬಿಸಿಗೆ ಅದು ಒಳಗೊಳಗೇ ಬೇಯುತ್ತದೆ. ಬೆಳ್ಳುಳ್ಳಿ ಸೀದರೆ ಅದೂ ಕಹಿ ಕೊಡುತ್ತದೆ, ಕಣ್ಣಿಟ್ಟಿರಿ. ಆಮೇಲೆ ಉಪ್ಪು, ಬೆಳ್ಳುಳ್ಳಿ, ಮೆಣಸಿನಕಾಯಿ ಮೊದಲು ಅರೆದು, ಕೊನೆಗೆ ಹಣ್ಣು ಮತ್ತು ಈರುಳ್ಳಿ ಹಾಕಿ ತರಿತರಿಯಾಗಿ ಜಜ್ಜಿ. ಒಂದು ಹಿಡಿ ಕೊತ್ತಂಬರಿ ಹೆಚ್ಚಿ ಬೆರೆಸಿ. ಮಿಕ್ಸಿ ಆದರೆ ಒಂದೆರಡು ಸುತ್ತು ಸಾಕು. ಅಲ್ಲಿ ಇದಕ್ಕೆ ಮೊಲ್ಕಾಹೆತೆ ಎಂಬ ಮೂರು ಕಾಲಿನ ಕಪ್ಪು ಕಲ್ಲಿನ ಒರಳು ಇದೆ. ಒರಳಿನ ಚಟ್ನಿಗೂ ಮಿಕ್ಸಿ ಚಟ್ನಿಗೂ ಇರುವ ವ್ಯತ್ಯಾಸ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ, ಅಲ್ವಾ?

ಬೇಯಿಸುವುದಾದರೆ ಆರೆಂಟು ನಿಮಿಷ ಸಣ್ಣ ಕುದಿಯಲ್ಲಿ. ಬಣ್ಣ ಮಾಸಿದ ತಕ್ಷಣ ಒಲೆ ಆರಿಸಿ. ಬಣ್ಣ ಮಾಸುವುದು ಯಾಕೆ ಅಂತ ಕೆಲವರಿಗೆ ಕುತೂಹಲ ಇರುತ್ತದೆ. ಎಲೆ ಹಸಿರಿನ ಕಣದ ನಡುವೆ ಒಂದು ಮೆಗ್ನೀಸಿಯಂ ಇರುತ್ತದೆ. ಬಿಸಿ ಮತ್ತು ಹುಳಿ ಎರಡೂ ಸೇರಿದರೆ ಅದು ಕಳಚಿಕೊಳ್ಳುತ್ತದೆ, ಬಣ್ಣ ಮಾಸುತ್ತದೆ. ಹುಳಿ ಹಾಕಿದ ಸೊಪ್ಪಿನ ಸಾರು ಕಂದುಹಸಿರಾಗುವುದೂ ಇದರಿಂದಲೇ. ಬಣ್ಣ ಉಳಿಸಿಕೊಳ್ಳಬೇಕು ಅಂದರೆ ಕೊತ್ತಂಬರಿಯನ್ನು ಹಸಿಯಾಗಿ ರುಬ್ಬಿ ಹಾಕುವುದು ಒಂದು ದಾರಿ.

ಈ ಸಾಲ್ಸಾ ತಟ್ಟೆಯ ಪಕ್ಕದ ಚಟ್ನಿ ಮಾತ್ರವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ಸಾರೂ ಹೌದು. ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಚೆನ್ನಾಗಿ ಕಾಯಿಸಿ, ರುಬ್ಬಿದ ಸಾಲ್ಸಾವನ್ನು ಒಮ್ಮೆಲೇ ಸುರಿಯುತ್ತಾರೆ. 'ಚೊಂಯ್' ಅಂತ ಸದ್ದು. ನಾವು ಕಾದ ಒಗ್ಗರಣೆಯನ್ನು ಸಾರಿಗೆ ಹಾಕುತ್ತೇವೆ, ಅವರು ಸಾರನ್ನೇ ಕಾದ ಎಣ್ಣೆಗೆ ಹಾಕುತ್ತಾರೆ. ಹತ್ತು ನಿಮಿಷ ಕುದಿದರೆ ಹಸಿ ಹುಳಿಯ ಚುಚ್ಚು ಹೋಗಿ ದುಂಡನೆಯ ರುಚಿ ಬರುತ್ತದೆ. ಅದರಲ್ಲಿ ಮುಸುಕಿನ ಜೋಳದ ತೊರ್ತಿಯಾ, ಅಂದರೆ ತೆಳು ರೊಟ್ಟಿ, ಅದ್ದಿ ಸುರುಳಿ ಸುತ್ತಿದರೆ ಹಸಿರು ಎಂಚಿಲಾಡಾ. ನಿನ್ನೆಯ ತೊರ್ತಿಯಾವನ್ನು ತುಂಡು ಮಾಡಿ ಕರಿದು ಅದರಲ್ಲಿ ಹೊರಳಾಡಿಸಿದರೆ ಚಿಲಾಕಿಲೆಸ್, ಬೆಳಗಿನ ತಿಂಡಿ. ಉಳಿದ ತೊರ್ತಿಯಾಗೆ ಇದಕ್ಕಿಂತ ಒಳ್ಳೇ ಗತಿ ಇಲ್ಲ.

ಇದೇ ಹಣ್ಣಿನ ಇನ್ನೊಂದು ದೊಡ್ಡ ಅಡುಗೆ ಪಿಪಿಯಾನ್. ಹುರಿದ ಕುಂಬಳ ಬೀಜ ಅರೆದು ಹಸಿರು ಸಾಲ್ಸಾದಲ್ಲಿ ಕುದಿಸಿ, ಕೋಳಿಯ ಮೇಲೆ ಸುರಿಯುವ ಗಟ್ಟಿ ಸಾರು. ಇದರ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. 16ನೇ ಶತಮಾನದಲ್ಲಿ ಬರ್ನಾರ್ದಿನೊ ದೆ ಸಾಗುನ್ ಎಂಬ ಸ್ಪ್ಯಾನಿಷ್ ಪಾದ್ರಿ ನಾವಾತ್ಲ್ ಮಾತಾಡುವ ಹಿರಿಯರನ್ನು ಕೇಳಿ ಕೇಳಿ ಹನ್ನೆರಡು ಭಾಗಗಳ ದೊಡ್ಡ ದಾಖಲೆ ಮಾಡಿಸಿದರು. ಅದರಲ್ಲಿ ಸಂತೆಯಲ್ಲಿ ಬಗೆಬಗೆಯ ಟೊಮೆಟೊ ಮಾರುವವರು, ಮೆಣಸಿನಕಾಯಿ, ಟೊಮೆಟೊ, ಕುಂಬಳ ಬೀಜ ಸೇರಿಸಿದ ಸಾರು ಎಲ್ಲ ಬರುತ್ತವೆ. ನಮ್ಮ ಹುಚ್ಚೆಳ್ಳು ಪುಡಿ ಹಾಕಿದ ಗೊಜ್ಜು ಗೊತ್ತಿರುವವರಿಗೆ ಪಿಪಿಯಾನ್‌ನ ರುಚಿ ಒಂದೇ ತುತ್ತಿಗೆ ಅರ್ಥವಾಗುತ್ತದೆ. ದಕ್ಷಿಣದ ಗೆರೆರೊ ರಾಜ್ಯದಲ್ಲಿ ಗುರುವಾರ ಬಂದರೆ ಹಸಿರು ಪೊಸೊಲೆ. ಸುಣ್ಣದಲ್ಲಿ ಬೇಯಿಸಿ ಅರಳಿಸಿದ ದಪ್ಪ ಮುಸುಕಿನ ಜೋಳದ ಸಾರು ಅದು. ಟೊಮಾಟಿಯೊ, ಕುಂಬಳ ಬೀಜ ಅದಕ್ಕೆ ಹಸಿರು ಬಣ್ಣ ಕೊಡುತ್ತವೆ.

ಇನ್ನೊಂದನ್ನು ನಿಮಗಾಗಿಯೇ ಹೇಳಬೇಕು. ಮೆಕ್ಸಿಕೊ ಸಿಟಿಯ ಮನೆಗಳಲ್ಲಿ ವೆರ್ದೊಲಾಗಾಸ್ ಎಂಬ ಸೊಪ್ಪನ್ನು ಹಂದಿ ಮಾಂಸದ ಜೊತೆ ಹಸಿರು ಸಾಲ್ಸಾದಲ್ಲಿ ಬೇಯಿಸುತ್ತಾರೆ. ಆ ಸೊಪ್ಪು ಬೇರೆ ಯಾವುದೂ ಅಲ್ಲ, ನಮ್ಮ ಗೋಣಿ ಸೊಪ್ಪು. ನೆಲಕ್ಕೆ ಹರಡುವ, ರಸ ತುಂಬಿದ ಎಲೆಯ, ಸ್ವಲ್ಪ ಲೋಳೆ ಲೋಳೆ ಸೊಪ್ಪು. ಆ ಲೋಳೆಯನ್ನು ಟೊಮಾಟಿಯೊ ಹುಳಿ ಕತ್ತರಿಸುತ್ತದೆ. ನಿಮ್ಮ ಮೆಕ್ಸಿಕನ್ ಅಂಗಡಿಯಲ್ಲೇ ಕಟ್ಟು ಸಿಗುತ್ತದೆ, ನೋಡಿ. ಮಾಂಸ ತಿನ್ನದವರು ತೊಗರಿಬೇಳೆ ಹಾಕಿ, ಹುಣಸೆಯ ಬದಲು ನಾಲ್ಕು ಟೊಮಾಟಿಯೊ ಹಾಕಿ ಹುಳಿ ಮಾಡಿದರೆ ಬಲು ಚೆನ್ನಾಗಿ ಬರುತ್ತದೆ. ಗೊಜ್ಜಿಗೂ ಇದೇ ಸೂತ್ರ: ಹುಣಸೆ ಪೂರ್ತಿ ಬಿಡಿ, ಬೆಲ್ಲ ಅಡಿಕೆಯಷ್ಟು ಸಾಕು.

ಇನ್ನು ಹಿತ್ತಲ ಗಿಡ. ಟೊಮೆಟೊ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಹಾಗಾಗಿ ಒಂದೇ ಗಿಡ ಸಾಕು. ಟೊಮಾಟಿಯೊಗೆ ಅದು ಆಗದು. ತನ್ನದೇ ಪರಾಗ ಹೂವಿನ ಮೇಲೆ ಬಿದ್ದರೆ ಗಿಡ ಅದನ್ನು ಗುರುತಿಸುತ್ತದೆ. ಪರಾಗ ಮೊಳೆತು ಕೊಳವೆ ಕೆಳಗಿಳಿಯುವಾಗ ನಡುದಾರಿಯಲ್ಲೇ ತಡೆದುಬಿಡುತ್ತದೆ. ಬೇರೆ ಗಿಡದ ಪರಾಗ ಬಂದರೆ ಮಾತ್ರ ದಾರಿ ಬಿಡುತ್ತದೆ. ನಿಮ್ಮ ಗಿಡ ಬೇಸಿಗೆ ಪೂರ್ತಿ ಹೂ ಬಿಟ್ಟು ಕಾದಿದ್ದು ಇದಕ್ಕೇ. ಹತ್ತಿರದಲ್ಲಿ ಇನ್ನೊಂದು ಗಿಡ ಇರಲಿಲ್ಲ.

ಹಾಗಾಗಿ ಕನಿಷ್ಠ ಎರಡು ಸಸಿ ನೆಡಿ, ಮೂರಿದ್ದರೆ ಇನ್ನೂ ಒಳ್ಳೆಯದು. ಒಂದು ಮಾತು ನೆನಪಿರಲಿ, ಅವು ಬೇರೆ ಬೇರೆ ಬೀಜದಿಂದ ಹುಟ್ಟಿರಬೇಕು. ಇದರ ಕೊಂಬೆ ಮಣ್ಣು ಮುಟ್ಟಿದ ಕಡೆ ಬೇರು ಬಿಡುತ್ತದೆ. ಅದನ್ನು ಕತ್ತರಿಸಿ ಪಕ್ಕದಲ್ಲಿ ನೆಟ್ಟರೆ ಗಿಡ ಎರಡಾದಂತೆ ಕಾಣುತ್ತದೆ, ಆದರೆ ಅದು ಅದೇ ಗಿಡ. ಕಾಯಿ ಬರುವುದಿಲ್ಲ. ಎರಡು ಗಿಡದ ನಡುವೆ ಮೂರಡಿ ಜಾಗ ಬಿಡಿ, ಇದು ತೆಳ್ಳಗೆ ನಿಲ್ಲುವ ಗಿಡವಲ್ಲ, ಅತ್ತಿತ್ತ ಹರಡುತ್ತದೆ. ಗೊಬ್ಬರ ಅತಿಯಾದರೆ ಬರೀ ಸೊಪ್ಪು ಬೆಳೆಯುತ್ತದೆ. ಹೂವಿನ ಸಮಯದಲ್ಲಿ ಔಷಧಿ ಹೊಡೆಯಬೇಡಿ. ಜೇನ್ನೊಣ ಬರದಿದ್ದರೆ ಎರಡು ಗಿಡ ಇದ್ದೂ ಪ್ರಯೋಜನವಿಲ್ಲ. ಬೆಳಗ್ಗೆ ಹೋಗಿ ಹೂವನ್ನು ಹತ್ತಿರದಿಂದ ನೋಡಿ. ಹಳದಿ ಎಸಳು, ಒಳಗೆ ಐದು ಕಪ್ಪುನೇರಳೆ ಮಚ್ಚೆ, ತಲೆ ಸ್ವಲ್ಪ ಬಾಗಿರುತ್ತದೆ. ಜೇನು ಕಾಣದಿದ್ದರೆ ಚಿತ್ರ ಬಿಡಿಸುವ ಸಣ್ಣ ಕುಂಚದಿಂದ ಈ ಗಿಡದ ಹೂವನ್ನು ಮುಟ್ಟಿ ಆ ಗಿಡದ ಹೂವಿಗೆ ಮುಟ್ಟಿಸಿ. ಅಷ್ಟು ಸಾಕು.

ಮೆಕ್ಸಿಕೊದ ರೈತರಿಗೆ ಇದು ಸಮಸ್ಯೆಯೇ ಅಲ್ಲ. ಅಲ್ಲಿನ ಮಿಲ್ಪಾ ಎಂಬ ಹೊಲದಲ್ಲಿ ಮುಸುಕಿನ ಜೋಳ, ಹುರುಳಿಕಾಯಿ ಜಾತಿಯ ಕಾಳು, ಕುಂಬಳ ಜೊತೆಗೇ ಬೆಳೆಯುತ್ತವೆ. ರಾಗಿಯ ನಡುವೆ ಅಕ್ಕಡಿ ಸಾಲು ಹಾಕುವ ನಮ್ಮವರಿಗೆ ಇದು ಹೊಸದಲ್ಲ. ಟೊಮಾಟಿಯೊವನ್ನು ಅಲ್ಲಿ ಎಷ್ಟೋ ಕಡೆ ಯಾರೂ ಬಿತ್ತುವುದೇ ಇಲ್ಲ. ಹೋದ ವರ್ಷ ಉದುರಿದ ಹಣ್ಣಿನಿಂದ ತಾನಾಗಿ ಹುಟ್ಟುತ್ತದೆ. ಕಳೆ ಕೀಳುವಾಗ ಇದನ್ನು ಮಾತ್ರ ಬಿಡುತ್ತಾರೆ. ಆ ಪುಟ್ಟ ಹೊಲದ ಕಾಯಿಗೆ ಮಿಲ್ಪೆರೊ ಅಂತ ಹೆಸರು, ಗೋಲಿಯಷ್ಟು ಗಾತ್ರ, ರುಚಿ ಮಾತ್ರ ದೊಡ್ಡದಕ್ಕಿಂತ ಗಾಢ. ಸಿಕ್ಕಿದರೆ ಬಿಡಬೇಡಿ. ಸಿನಲೋವಾದಂಥ ರಾಜ್ಯಗಳಲ್ಲಿ ದೊಡ್ಡ ಕಾಯಿಯನ್ನು ವ್ಯಾಪಾರಕ್ಕಾಗಿ ಎಕರೆಗಟ್ಟಲೆ ಬೆಳೆಯುತ್ತಾರೆ, ನಿಮ್ಮ ಅಂಗಡಿಗೆ ಬರುವುದು ಹೆಚ್ಚಾಗಿ ಅಂಥದ್ದು. ನೇರಳೆ ಬಣ್ಣದ ತಳಿಯೂ ಇದೆ, ಹಸಿರಿಗಿಂತ ಸ್ವಲ್ಪ ಸಿಹಿ.

ಅಮ್ಮನಿಗೆ ಬೀಜ ಕಳಿಸುವ ಮಾತು. ಹಾಸನದ ಹವೆಗೆ ಇದು ಹೊಂದಿಕೊಳ್ಳದೆ ಇರದು. ಆದರೂ ಅಂಚೆಯಲ್ಲಾಗಲಿ ಸೂಟ್‌ಕೇಸಿನಲ್ಲಾಗಲಿ ಕಳಿಸಬೇಡಿ. ಭಾರತಕ್ಕೆ ಬಿತ್ತನೆ ಬೀಜ ತರಲು 2003ರ ಸಸ್ಯ ಕ್ವಾರಂಟೈನ್ (ರೋಗ ತಡೆ) ಆದೇಶದ ಪ್ರಕಾರ ಆಮದು ಪರವಾನಗಿ, ಹೊರಡುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಇದು ಬರೀ ಕಾಗದದ ಕಟ್ಟಳೆ ಅಂದುಕೊಳ್ಳಬೇಡಿ. ಈ ಕುಟುಂಬದ ಬೀಜದ ಜೊತೆ ಕಣ್ಣಿಗೆ ಕಾಣದ ವೈರಸ್ ರೋಗ ಬರಬಹುದು. ಅಕ್ಕಪಕ್ಕದ ಹೊಲದಲ್ಲಿ ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ನಂಬಿ ಬದುಕುವವರಿದ್ದಾರೆ. ಹಾಸನವಂತೂ ಆಲೂಗಡ್ಡೆಯ ಜಿಲ್ಲೆ.

ಬೀಜ ಹೋಗುವ ಬದಲು ಅಮ್ಮನೇ ಬರುತ್ತಿದ್ದಾರಲ್ಲ. ನಿಮ್ಮ ಕಡೆ ಮಾರ್ಚ್ ಕೊನೆಗೆ ಇಬ್ಬನಿ ಹೆಪ್ಪುಗಟ್ಟುವ ಚಳಿ ಸಾಮಾನ್ಯವಾಗಿ ಮುಗಿದಿರುತ್ತದೆ. ಆಗ ಎರಡು ಮೂರು ಸಸಿ ನೆಡಿ. ನೆಟ್ಟ ಎಪ್ಪತ್ತು ಎಂಬತ್ತು ದಿನಕ್ಕೆ ಮೊದಲ ಕಾಯಿ ಬಲಿಯುತ್ತದೆ. ತಡ ಮಾಡಿದರೆ ಟೆಕ್ಸಸ್‌ನ ಕಡುಬಿಸಿಲಿಗೆ ಹೂ ಉದುರುತ್ತದೆ. ಬುಡ್ಡೆಯನ್ನು ಮೆಲ್ಲಗೆ ಒತ್ತಿ ನೋಡಿ. ಪೊಳ್ಳು ಅನ್ನಿಸಿದರೆ ಇನ್ನೂ ಬಿಡಿ. ಒಳಗೆ ತುಂಬಿ ಬಿಗಿಯಾಗಿ, ತುದಿಯಲ್ಲಿ ಬುಡ್ಡೆ ಸೀಳಲು ಶುರುವಾಗಿ, ಹಣ್ಣು ಇನ್ನೂ ಹಸಿರಾಗಿದ್ದರೆ ಅದೇ ಹದ. ಕಿತ್ತದ್ದನ್ನು ಬುಡ್ಡೆ ಸಮೇತ ಕಾಗದದ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ಚೆನ್ನಾಗಿರುತ್ತದೆ. ಅಮ್ಮನ ವಿಮಾನ ಸ್ವಲ್ಪ ಹಿಂದೆಮುಂದೆ ಆದರೂ ಚಿಂತೆಯಿಲ್ಲ. ಒಂದು ಬುಡ್ಡೆಯನ್ನು ಮಾತ್ರ ಬಿಡಿಸದೆ ಅವರ ಕೈಗೆ ಕೊಡಿ.